ಎಲೆಕೋಸಿನ ಪಕ್ಕದ ಸಾಸಿವೆ ಸಾಲು

ಬಾಣಲೆಯಲ್ಲಿ ಎಣ್ಣೆ ಕಾಯುತ್ತದೆ, ಸಾಸಿವೆ ಚಟಪಟ ಸಿಡಿಯುತ್ತದೆ, ಉದ್ದಿನಬೇಳೆ ಕೆಂಪಾಗುತ್ತದೆ, ಕರಿಬೇವಿನ ಹಿಂದೆಯೇ ಸಣ್ಣಗೆ ಹೆಚ್ಚಿದ ಎಲೆಕೋಸು ಬೀಳುತ್ತದೆ. ಪುಣೆಯಲ್ಲಿ ಅದನ್ನು ಕೋಬಿ ಎಂದು ಕೇಳಿ ಕೊಂಡಿರಬಹುದು, ದೆಹಲಿಯಲ್ಲಿ ಪತ್ತಾಗೋಬಿ ಎಂದು, ಚೆನ್ನೈಯಲ್ಲಿ ಮುಟ್ಟೈಕೋಸ್ ಎಂದು. ಪಲ್ಯ ಮಾತ್ರ ಊರಿನದೇ. ಈ ಪಲ್ಯದಲ್ಲಿ ಕೂಡುವ ಸಾಸಿವೆ ಮತ್ತು ಕೋಸು ಸಸ್ಯಶಾಸ್ತ್ರದ ಲೆಕ್ಕದಲ್ಲಿ ದಾಯಾದಿಗಳು. ಎರಡೂ ಬ್ರಾಸಿಕಾ ಎಂಬ ಒಂದೇ ಮನೆತನದವು. ಸಾಸಿವೆಯ ಘಾಟು ಕೋಸಿನ ಎಲೆಯಲ್ಲೂ ಇದೆ, ಸ್ವಲ್ಪ ಮಂದವಾಗಿ.

ಪಲ್ಯ ಮಾಡುವವರಿಗೆ ಈ ನೆಂಟಸ್ತಿಕೆ ಗೊತ್ತಿರಲೇಬೇಕೆಂದಿಲ್ಲ. ಆದರೆ ಒಂದು ಸೆಂಟಿಮೀಟರಿಗಿಂತಲೂ ಚಿಕ್ಕದಾದ ಕಂದುಬೂದು ಬಣ್ಣದ ಒಂದು ಪತಂಗಕ್ಕೆ ಇದು ಚೆನ್ನಾಗಿ ಗೊತ್ತು. ಅದರ ಬದುಕು ನಿಂತಿರುವುದೇ ಆ ಘಾಟಿನ ಮೇಲೆ. ಈ ಪತಂಗವನ್ನು ಕೊಲ್ಲಲು ಇಪ್ಪತ್ತನೆಯ ಶತಮಾನ ತನ್ನಲ್ಲಿದ್ದ ಎಲ್ಲ ವಿಷಗಳನ್ನೂ ಒಂದೊಂದಾಗಿ ಪ್ರಯೋಗಿಸಿತು, ಒಂದೊಂದಾಗಿ ಸೋತಿತು. ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿ ಇಬ್ಬರು ಕೀಟಶಾಸ್ತ್ರಜ್ಞರು ಬೇರೆ ದಾರಿ ಹಿಡಿದು, ಕೋಸಿನ ಹೊಲದಲ್ಲಿ ಸಾಸಿವೆ ಬಿತ್ತಿದರು. ಅದು ಫಲ ಕೊಟ್ಟಿತು. ಹಾಗಿದ್ದೂ ಕೋಸಿನ ಹೊಲಗಳಲ್ಲಿ ಆ ಸಾಸಿವೆ ಸಾಲು ಸಾಮಾನ್ಯ ನೋಟವಾಗಲಿಲ್ಲ. ಇದು ಏಕೆ ಎಂಬುದು ಈ ಚರಿತ್ರೆಯ ಮುಖ್ಯ ಪ್ರಶ್ನೆ.

ಬೆನ್ನ ಮೇಲೆ ವಜ್ರ

ಈ ಪತಂಗ ರೆಕ್ಕೆ ಮಡಿಚಿ ಕೂತಾಗ ಬೆನ್ನಿನ ಉದ್ದಕ್ಕೂ ತಿಳಿಬಣ್ಣದ ಹರಳಿನಾಕಾರಗಳು ಕಾಣುತ್ತವೆ. ಹಾಗಾಗಿ ಇಂಗ್ಲಿಷಿನಲ್ಲಿ ಡೈಮಂಡ್‌ಬ್ಯಾಕ್ ಮಾತ್. ಕನ್ನಡದ ಕೃಷಿ ಬರಹಗಳಲ್ಲಿ ವಜ್ರಬೆನ್ನಿನ ಪತಂಗ. 1758ರಲ್ಲೇ ಲಿನೇಯಸ್ ಇದಕ್ಕೆ ವೈಜ್ಞಾನಿಕ ಹೆಸರು ಕೊಟ್ಟಿದ್ದ. ಇಂದಿನ ಹೆಸರು ಪ್ಲುಟೆಲ್ಲಾ ಕ್ಸೈಲೊಸ್ಟೆಲ್ಲಾ.

ಹಾನಿ ಮಾಡುವುದು ಪತಂಗವಲ್ಲ, ಅದರ ಮರಿಹುಳು. ಮೊಟ್ಟೆಯೊಡೆದ ಹೊಸದರಲ್ಲಿ ಅದು ಎಲೆಯ ಪದರಗಳ ನಡುವೆ ಸುರಂಗ ಕೊರೆದು ಬದುಕುತ್ತದೆ. ಸ್ವಲ್ಪ ಬಲಿತ ಮೇಲೆ ಎಲೆಯ ಅಡಿಯಲ್ಲಿ ಕೂತು ಹಸಿರನ್ನೆಲ್ಲ ಕೆರೆದು ತಿಂದು, ಮೇಲಿನ ತೆಳು ಪೊರೆಯನ್ನು ಮಾತ್ರ ಹಾಗೇ ಬಿಡುತ್ತದೆ. ದೂರದಿಂದ ನೋಡಿದರೆ ಎಲೆಗೆ ಗಾಜಿನ ಕಿಟಕಿಗಳನ್ನು ಕೂರಿಸಿದಂತಿರುತ್ತದೆ. ಆಮೇಲೆ ಪೊರೆ ಹರಿದು ತೂತಾಗುತ್ತದೆ. ಹುಳವನ್ನು ಮುಟ್ಟಿದರೆ ಹಿಂದಕ್ಕೆ ಹಿಂದಕ್ಕೆ ಒದ್ದಾಡಿ, ಒಂದು ರೇಷ್ಮೆಯೆಳೆ ಹಿಡಿದು ಕೆಳಕ್ಕೆ ಜಾರಿಬಿಡುತ್ತದೆ. ಅಪಾಯ ದಾಟಿದ ಮೇಲೆ ಅದೇ ಎಳೆ ಹತ್ತಿ ಮತ್ತೆ ಎಲೆಗೆ ಬರುತ್ತದೆ.

ಇದರ ಶಕ್ತಿ ಇರುವುದು ಸಂಖ್ಯೆಯಲ್ಲಿ ಮತ್ತು ವೇಗದಲ್ಲಿ. ಒಂದು ಹೆಣ್ಣು ನೂರಕ್ಕೂ ಹೆಚ್ಚು ಮೊಟ್ಟೆಯಿಡುತ್ತದೆ. ಬೆಚ್ಚಗಿನ ಹವೆಯಲ್ಲಿ ಮೊಟ್ಟೆಯಿಂದ ಪತಂಗದವರೆಗಿನ ಸುತ್ತು ಎರಡು-ಮೂರು ವಾರಗಳಲ್ಲಿ ಮುಗಿಯುತ್ತದೆ. ಉಷ್ಣವಲಯದಲ್ಲಿ ವರ್ಷಕ್ಕೆ ಇಪ್ಪತ್ತರವರೆಗೆ ಪೀಳಿಗೆಗಳು. ಹಾರುವ ಬಲ ಕಡಿಮೆಯಾದರೂ ಗಾಳಿ ಅದನ್ನು ಹೊತ್ತೊಯ್ಯುತ್ತದೆ. 1958ರ ಬೇಸಿಗೆಯಲ್ಲಿ ಬಾಲ್ಟಿಕ್ ಕಡೆಯಿಂದ ಉತ್ತರ ಸಮುದ್ರ ದಾಟಿ ಬ್ರಿಟನ್ನಿನ ತೀರಕ್ಕೆ ಇವು ದಂಡು ದಂಡಾಗಿ ಬಂದಿಳಿದದ್ದು ದಾಖಲಾಗಿದೆ.

ಭಾರತಕ್ಕೆ ಕೋಸು ಬಂದದ್ದು ಯುರೋಪಿನವರ ಜೊತೆಗೆ. ಮರಾಠಿಯ ಕೋಬಿ ಎಂಬ ಮಾತಿನಲ್ಲಿ ಪೋರ್ಚುಗೀಸರ ‘ಕೋವ್’ ಇನ್ನೂ ಕೇಳಿಸುತ್ತದೆ. 1914ರಲ್ಲಿ ಮದ್ರಾಸಿನಲ್ಲಿ ಅಚ್ಚಾದ ಟಿ. ಬೈನ್‌ಬ್ರಿಗ್ ಫ್ಲೆಚರ್ ಅವರ ‘ಸಮ್ ಸೌತ್ ಇಂಡಿಯನ್ ಇನ್‌ಸೆಕ್ಟ್ಸ್’ ಪುಸ್ತಕದಲ್ಲಿ ವಜ್ರಬೆನ್ನಿನ ಪತಂಗದ ಉಲ್ಲೇಖವಿದೆ. ಭಾರತದಲ್ಲಿ ಇದರ ಮೊದಲ ದಾಖಲೆ ಎಂದು ಕೀಟಶಾಸ್ತ್ರಜ್ಞರು ಅದನ್ನೇ ಎತ್ತಿ ಹೇಳುತ್ತಾರೆ. ನೂರಾರು ಹುಳುಗಳ ಪಟ್ಟಿಯಲ್ಲಿ ಆಗ ಅದೂ ಒಂದು, ಅಷ್ಟೆ. ಅದನ್ನು ದೊಡ್ಡ ಶತ್ರುವಾಗಿ ಬೆಳೆಸಿದ್ದು ಮುಂದಿನ ಐವತ್ತು ವರ್ಷಗಳ ಬೇಸಾಯ.

1953ರ ಎರಡು ಬರಹಗಳು

ಕೋಸಿನ ಬಳಗದ ಗಿಡಗಳೆಲ್ಲ ತಮ್ಮ ರಕ್ಷಣೆಗೆ ಒಂದು ಉಪಾಯ ಮಾಡಿಕೊಂಡಿವೆ. ಎಲೆಯೊಳಗೆ ಒಂದು ಕಡೆ ಗಂಧಕ ಬೆರೆತ ಸಿನಿಗ್ರಿನ್‌ನಂಥ ಸಂಯುಕ್ತಗಳು, ಇನ್ನೊಂದು ಕಡೆ ಅವನ್ನು ಒಡೆಯುವ ಕಿಣ್ವ. ಎಲೆ ಹರಿದಾಗ ಎರಡೂ ಕೂಡಿ ಘಾಟು ಏಳುತ್ತದೆ. ಸಾಸಿವೆ ಅರೆದಾಗ ಮೂಗಿಗೆ ಅಡರುವುದು ಇದೇ. ಹೆಚ್ಚಿನ ಹುಳುಗಳಿಗೆ ಇದು ವಿಷ. ಕೆಲವಕ್ಕೆ ಮಾತ್ರ ಇದೇ ಊಟದ ಕರೆ. 1910ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಸ್ಯಶಾಸ್ತ್ರಜ್ಞ ವೆರ್‌ಶಾಫೆಲ್ಟ್, ಕೋಸು ತಿನ್ನುವ ಬಿಳಿ ಚಿಟ್ಟೆಯ ಹುಳುಗಳ ಮೇಲೆ ಒಂದು ಸರಳ ಪ್ರಯೋಗ ಮಾಡಿದ. ಅವು ಸಾಮಾನ್ಯವಾಗಿ ಮೂಸಿಯೂ ನೋಡದ ಗಿಡಗಳ ಎಲೆಗೆ ಸಿನಿಗ್ರಿನ್ ಸವರಿದ. ಹುಳುಗಳು ಅದನ್ನು ತಿಂದವು. ಗಿಡ ಶತ್ರುವನ್ನು ಓಡಿಸಲು ಕಟ್ಟಿದ ಗೋಡೆಯನ್ನೇ ಈ ಹುಳುಗಳು ವಿಳಾಸದ ಫಲಕವಾಗಿ ಓದುತ್ತಿದ್ದವು.

ವಜ್ರಬೆನ್ನಿನ ಪತಂಗವೂ ಹೀಗೆಯೇ ಎಂದು ಕೆನಡಾದ ಥಾರ್‌ಸ್ಟೈನ್‌ಸನ್ ತೋರಿಸಿದ್ದು 1953ರಲ್ಲಿ. ಇದರ ಹುಳು ಯಾವ ಗಿಡವನ್ನು ತಿನ್ನುತ್ತದೆ, ಯಾವುದನ್ನು ಬಿಡುತ್ತದೆ ಎಂಬುದನ್ನು ಸಾಸಿವೆಯ ಘಾಟಿನ ಸಂಯುಕ್ತಗಳು ನಿರ್ಧರಿಸುತ್ತವೆ ಎಂಬುದು ಅವನ ಲೇಖನದ ಸಾರ. ಆ ವಿಷ ಹುಳುವಿಗೇಕೆ ತಾಗುವುದಿಲ್ಲ ಎಂಬುದಕ್ಕೆ ಉತ್ತರ ಸಿಗಲು 2002 ಬರಬೇಕಾಯಿತು. ಹುಳುವಿನ ಕರುಳಿನಲ್ಲಿ ಇರುವ ಒಂದು ಕಿಣ್ವ, ಘಾಟು ಏಳುವ ಮೊದಲೇ ಆ ಸಂಯುಕ್ತವನ್ನು ನಿಷ್ಕ್ರಿಯ ಮಾಡಿಬಿಡುತ್ತದೆ.

ಅದೇ 1953ರಲ್ಲಿ ಇನ್ನೊಂದು ಲೇಖನವೂ ಅಚ್ಚಾಯಿತು. ಡಚ್ ಕೀಟಶಾಸ್ತ್ರಜ್ಞ ಆಂಕರ್‌ಸ್ಮಿಟ್ ಜಾವಾ ದ್ವೀಪದಿಂದ ತಂದ ಸುದ್ದಿ ಅದು: ಅಲ್ಲಿನ ಲೆಂಬಾಂಗ್ ಎಂಬ ಗುಡ್ಡಸೀಮೆಯ ಕೋಸಿನ ತೋಟಗಳಲ್ಲಿ ಈ ಹುಳು ಡಿಡಿಟಿಗೆ ಸಾಯುತ್ತಿಲ್ಲ. ಡಿಡಿಟಿಯ ಕೀಟನಾಶಕ ಗುಣ ಗೊತ್ತಾದದ್ದು 1939ರಲ್ಲಿ. ಅದನ್ನು ಕಂಡುಹಿಡಿದ ಪಾಲ್ ಮುಲ್ಲರ್‌ಗೆ ನೊಬೆಲ್ ಬಂದದ್ದು 1948ರಲ್ಲಿ. ಯುದ್ಧ ಮುಗಿದು ಹತ್ತು ವರ್ಷವೂ ತುಂಬಿರಲಿಲ್ಲ, ಆಗಲೇ ಒಂದು ಸಣ್ಣ ಹುಳು ಅದನ್ನು ಅರಗಿಸಿಕೊಂಡಿತ್ತು.

ಇದರಲ್ಲಿ ಪವಾಡವೇನಿಲ್ಲ. ಲಕ್ಷ ಹುಳುಗಳಿಗೆ ವಿಷ ಹೊಡೆದರೆ ಹುಟ್ಟುಗುಣದಿಂದ ಅದನ್ನು ತಾಳಿಕೊಳ್ಳುವ ನಾಲ್ಕಾರು ಉಳಿದುಕೊಳ್ಳುತ್ತವೆ. ಮುಂದಿನ ಪೀಳಿಗೆ ಅವುಗಳದೇ. ವರ್ಷಕ್ಕೊಂದೇ ಪೀಳಿಗೆಯ ಹುಳುವಾಗಿದ್ದರೆ ಈ ಸೋಸುವಿಕೆಗೆ ದಶಕಗಳು ಬೇಕು. ವರ್ಷಕ್ಕೆ ಇಪ್ಪತ್ತು ಪೀಳಿಗೆಯಾದರೆ ಕೆಲವೇ ವರ್ಷ ಸಾಕು.

ಒಂದೇ ವರ್ಷದ ಈ ಎರಡು ಬರಹಗಳು ಎರಡು ದಾರಿ ತೋರುತ್ತಿದ್ದವು. ಒಂದು, ಈ ಹುಳುವಿಗೆ ಏನು ಇಷ್ಟ ಎಂದು ಹೇಳಿತ್ತು. ಇನ್ನೊಂದು, ಯಾವುದರಿಂದ ಅದು ಸಾಯುವುದಿಲ್ಲ ಎಂದು ಹೇಳಿತ್ತು. ಜಗತ್ತು ಎರಡನೆಯ ಬರಹವನ್ನು ಓದಿ, ಇನ್ನೂ ಬಲವಾದ ವಿಷ ಬೇಕು ಎಂದುಕೊಂಡಿತು.

ಜಾವಾದಲ್ಲೇ ಮೂರನೆಯ ದಾರಿಯೂ ಇತ್ತು. 1950ರಲ್ಲಿ ಅಲ್ಲಿಗೆ ನ್ಯೂಜಿಲೆಂಡಿನಿಂದ ಡಯಾಡೆಗ್ಮ ಎಂಬ ಪುಟ್ಟ ಕಣಜವನ್ನು ತಂದು ಬಿಡಲಾಗಿತ್ತು. ಅದಕ್ಕೂ ಹದಿನಾಲ್ಕು-ಹದಿನೈದು ವರ್ಷ ಹಿಂದೆ ನ್ಯೂಜಿಲೆಂಡು ಅದನ್ನು ಇಂಗ್ಲೆಂಡಿನಿಂದ ತರಿಸಿಕೊಂಡಿತ್ತು. ಈ ಕಣಜ ಪತಂಗದ ಮರಿಹುಳುವಿನ ಮೈಯೊಳಗೆ ಮೊಟ್ಟೆಯಿಡುತ್ತದೆ; ಕಣಜದ ಮರಿ ಹುಳುವನ್ನು ಒಳಗಿನಿಂದ ತಿಂದು ಬೆಳೆಯುತ್ತದೆ. ತಂಪಾದ ಗುಡ್ಡಗಳಲ್ಲಿ ಅದು ನೆಲೆಯೂರಿತು. ಆದರೆ ಹುಳಕ್ಕೆಂದು ಹೊಡೆದ ವಿಷಕ್ಕೆ ಹುಳು ಒಗ್ಗಿಕೊಂಡಿತು, ಕಣಜ ಸತ್ತಿತು. ಮುಂದೆ ಏಷ್ಯಾದ ಎಷ್ಟೋ ಹೊಲಗಳಲ್ಲಿ ನಡೆದದ್ದರ ಮೊದಲ ಅಂಕ ಇದು.

ಔಷಧಿ ಎಂಬ ಮಾತು

ಕನ್ನಡದ ರೈತ ಕೀಟನಾಶಕವನ್ನು ಕೀಟನಾಶಕ ಎನ್ನುವುದಿಲ್ಲ. ‘ಔಷಧಿ ಹೊಡೀಬೇಕು’ ಎನ್ನುತ್ತಾನೆ. ಕೆಲವು ಕಡೆ ‘ಎಣ್ಣೆ ಹೊಡೆಯೋದು’ ಎಂಬ ಮಾತೂ ಇದೆ. ಅದನ್ನು ಮಾರುವುದು ಔಷಧಿ ಅಂಗಡಿ. ಬೆಳೆಗೆ ಬಂದದ್ದು ಕಾಯಿಲೆ, ಬಾಟಲಿಯಲ್ಲಿ ಇರುವುದು ಮದ್ದು. ಈ ಮಾತಿನೊಳಗೆ ಒಂದು ನಂಬಿಕೆ ಅಡಗಿದೆ: ಗುಣವಾಗದಿದ್ದರೆ ಮದ್ದು ಸಾಲದು, ಪ್ರಮಾಣ ಹೆಚ್ಚಿಸಬೇಕು ಅಥವಾ ಇನ್ನೂ ತೇಜಾದ ಮದ್ದು ತರಬೇಕು.

ಆ ಮದ್ದು ಏನೆಂಬುದು 1958ರಲ್ಲಿ ಕೇರಳದಲ್ಲಿ ಬಯಲಾಯಿತು. ಹಡಗಿನಲ್ಲಿ ಜೊತೆಗೆ ಸಾಗಿಸುವಾಗ ಸೋರಿದ ಪ್ಯಾರಾಥಿಯಾನ್ ಆಹಾರಪದಾರ್ಥಕ್ಕೆ ಬೆರೆತು, ಅದನ್ನು ತಿಂದ ನೂರಕ್ಕೂ ಹೆಚ್ಚು ಜನ ಸತ್ತರು. ಆ ದುರಂತದ ತನಿಖೆಯೇ ಮುಂದೆ 1968ರ ಕೀಟನಾಶಕ ಕಾಯ್ದೆಗೆ ದಾರಿಯಾಯಿತು. ಕಾಕತಾಳೀಯವೆಂಬಂತೆ ಅದೇ 1968ರಲ್ಲಿ ಪಂಜಾಬಿನಿಂದ ಇನ್ನೊಂದು ವರದಿ ಬಂತು. ವರ್ಮಾ ಮತ್ತು ಸಂಧು ಎಂಬ ವಿಜ್ಞಾನಿಗಳು ಅಲ್ಲಿನ ವಜ್ರಬೆನ್ನಿನ ಪತಂಗ ಡಿಡಿಟಿಗೂ ಪ್ಯಾರಾಥಿಯಾನಿಗೂ ಬಗ್ಗುತ್ತಿಲ್ಲ ಎಂದು ತೋರಿಸಿದರು. ನೂರು ಜನರನ್ನು ಕೊಂದ ವಿಷ ಈಗ ಹುಳುವನ್ನು ಕೊಲ್ಲುತ್ತಿರಲಿಲ್ಲ.

ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ನಗರಗಳು ಬೆಳೆದವು, ಅವುಗಳ ಸುತ್ತ ತರಕಾರಿ ತೋಟಗಳೂ ಬೆಳೆದವು. ಬೆಂಗಳೂರಿಗೆ ಕೋಸು ಕಳಿಸುವ ಕೋಲಾರ, ಮಾಲೂರು, ಚಿಕ್ಕಬಳ್ಳಾಪುರಗಳ ಕಡೆ ಬಾವಿ ನೀರಿನ ಆಸರೆಯಲ್ಲಿ ಒಂದು ಬೆಳೆ ಮುಗಿಯುವ ಮೊದಲೇ ಪಕ್ಕದ ತಾಕಿನಲ್ಲಿ ಇನ್ನೊಂದು ನಾಟಿಯಾಗಿರುತ್ತದೆ. ಹುಳುವಿಗೆ ವರ್ಷವಿಡೀ ಹಬ್ಬ. ಸೇವಂತಿಗೆಯ ಬಳಗದ ಒಂದು ಹೂವಿನ ಸಾರವನ್ನು ಮಾದರಿಯಾಗಿಟ್ಟು ಪ್ರಯೋಗಶಾಲೆಯಲ್ಲಿ ತಯಾರಿಸಿದ ಪೈರೆಥ್ರಾಯ್ಡ್‌ಗಳು ಬಂದವು. ಮೊದಮೊದಲು ಚೆನ್ನಾಗಿಯೇ ಕೆಲಸ ಮಾಡಿದವು, ಕೆಲವೇ ವರ್ಷಗಳಲ್ಲಿ ಅವೂ ಸಾಲದಾದವು. ರೈತನ ಮುಂದೆ ಉಳಿದ ಉಪಾಯ ಒಂದೇ: ಇನ್ನೂ ಬೇಗ ಬೇಗ ಹೊಡೆಯುವುದು, ಎರಡು ಮೂರು ಬಾಟಲಿ ಬೆರೆಸಿ ಹೊಡೆಯುವುದು.

ಇದರಲ್ಲಿ ಕೊಳ್ಳುವವರ ಪಾಲೂ ಇದೆ. ಮಂಡಿಯಲ್ಲಿ ತೂತಿಲ್ಲದ, ಗುಂಡಗೆ ಬಿಗಿಯಾದ ಕೋಸಿಗೆ ಬೆಲೆ. ಎಲೆಯ ಮೇಲೆ ನಾಲ್ಕು ಕಿಟಕಿ ಕಂಡರೆ ದರ ಇಳಿಯುತ್ತದೆ. ಗಡ್ಡೆ ಕಟ್ಟುವ ಹೊತ್ತಿಗೆ ಒಳಸೇರಿದ ಒಂದು ಹುಳು ಇಡೀ ಗಡ್ಡೆಯನ್ನು ಕೆಡಿಸುತ್ತದೆ ಎಂಬ ಭಯಕ್ಕೆ ರೈತ ಕೊಯ್ಲಿನವರೆಗೂ ಸಿಂಪಡಿಸುತ್ತಾನೆ.

1985ರ ಮಾರ್ಚಿನಲ್ಲಿ ತೈವಾನಿನ ಏಷ್ಯನ್ ತರಕಾರಿ ಸಂಶೋಧನಾ ಕೇಂದ್ರದಲ್ಲಿ ಈ ಒಂದೇ ಒಂದು ಪತಂಗದ ಬಗ್ಗೆ ಅಂತರರಾಷ್ಟ್ರೀಯ ಕಾರ್ಯಾಗಾರ ಸೇರಿತು. ಹುಳು ಅಷ್ಟು ದೊಡ್ಡದಾಗಿ ಬೆಳೆದಿತ್ತು. ಆ ಹೊತ್ತಿಗೆ ಎಲ್ಲರ ಕಣ್ಣು ಬಿಟಿ ಎಂಬ ಬ್ಯಾಕ್ಟೀರಿಯದ ಮೇಲೆ. 1901ರಲ್ಲಿ ಜಪಾನಿನ ಇಶಿವಾತ ರೇಷ್ಮೆಹುಳುಗಳ ರೋಗದಲ್ಲಿ ಕಂಡ, ಕೆಲವು ವರ್ಷಗಳ ಮೇಲೆ ಜರ್ಮನಿಯ ಬರ್ಲಿನರ್ ತುರಿಂಗಿಯಾ ಪ್ರಾಂತ್ಯದ ನೆನಪಿಗೆ ಹೆಸರಿಟ್ಟ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಅದು. ಮನುಷ್ಯನಿಗೆ, ಜೇನಿಗೆ, ಕಣಜಕ್ಕೆ ತೊಂದರೆಯಿಲ್ಲ. ಹುಳುವಿನ ಕರುಳನ್ನು ಮಾತ್ರ ಕೆಡಿಸುತ್ತದೆ. ಸಾವಯವ ಬೇಸಾಯದವರೂ ಒಪ್ಪಿದ ಸೌಮ್ಯ ವಿಷ. 1990ರಲ್ಲಿ ಹವಾಯಿ ದ್ವೀಪದಿಂದ ಬ್ರೂಸ್ ಟ್ಯಾಬಷ್ನಿಕ್ ಮತ್ತು ಸಂಗಡಿಗರ ವರದಿ ಬಂತು. ಕೋಸಿನ ಬಳಗದ್ದೇ ಆದ ವಾಟರ್‌ಕ್ರೆಸ್ ಸೊಪ್ಪಿನ ಹೊಲಗಳಲ್ಲಿ ಬಿಟಿಯನ್ನು ಮತ್ತೆ ಮತ್ತೆ ಹೊಡೆದ ಕಡೆ, ವಜ್ರಬೆನ್ನಿನ ಪತಂಗ ಅದಕ್ಕೂ ಒಗ್ಗಿಹೋಗಿತ್ತು.

ವಿಷ ಸೌಮ್ಯವೋ ಉಗ್ರವೋ ಎಂಬುದು ಹುಳುವಿಗೆ ಮುಖ್ಯವಲ್ಲ ಎಂದು ಹವಾಯಿ ತೋರಿಸಿತು. ಪರಿಸರಕ್ಕೆ ಹಿತವಾದದ್ದನ್ನೂ ಔಷಧಿಯ ಹಾಗೆಯೇ, ಒಂದನ್ನೇ ನಂಬಿ, ವಾರ ವಾರ ಹೊಡೆದರೆ ಕೊನೆ ಒಂದೇ.

ಹೆಸರಘಟ್ಟದಲ್ಲಿ

ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಶುರುವಾದದ್ದು 1967ರಲ್ಲಿ, ಬೆಂಗಳೂರಿನ ವಾಯವ್ಯಕ್ಕಿರುವ ಹೆಸರಘಟ್ಟದಲ್ಲಿ. ಅಲ್ಲಿನ ಕೀಟಶಾಸ್ತ್ರಜ್ಞರಾದ ಕೆ. ಶ್ರೀನಿವಾಸನ್ ಮತ್ತು ಪಿ. ಎನ್. ಕೃಷ್ಣಮೂರ್ತಿ ಎಂಬತ್ತರ ದಶಕದಲ್ಲಿ ಹಿಡಿದದ್ದು 1953ರ ಮೊದಲ ಬರಹದ ದಾರಿಯನ್ನು. ಹುಳುವಿಗೆ ಏನು ಇಷ್ಟವೋ ಅದನ್ನೇ ಅದಕ್ಕೆ ಕೊಟ್ಟರೆ?

ಪತಂಗಕ್ಕೆ ಕೋಸಿಗಿಂತ ಸಾಸಿವೆ ಹೆಚ್ಚು ಇಷ್ಟ. ಕೋಸಿನ ಹೊಲದೊಳಗೇ ಸಾಸಿವೆ ಇದ್ದರೆ ಮೊಟ್ಟೆಯಿಡಲು ಅದು ಸಾಸಿವೆಗೇ ಹೋಗುತ್ತದೆ. ಕೃಷಿಯ ಭಾಷೆಯಲ್ಲಿ ಇಂಥ ಬೆಳೆಗೆ ಆಕರ್ಷಕ ಬೆಳೆ ಎಂದೂ ಬಲೆ ಬೆಳೆ ಎಂದೂ ಹೆಸರಿದೆ. ವಿಚಾರ ಹೊಸದಲ್ಲ, ಕಷ್ಟವಿದ್ದದ್ದು ಲೆಕ್ಕಾಚಾರದಲ್ಲಿ. ಎಷ್ಟು ಸಾಲಿಗೆ ಎಷ್ಟು ಸಾಸಿವೆ? ಯಾವಾಗ ಬಿತ್ತಬೇಕು? ಸಾಸಿವೆ ಬೇಗ ಬೆಳೆದು, ಬೇಗ ಹೂಬಿಟ್ಟು, ಬೇಗ ಒಣಗುತ್ತದೆ. ಕೋಸಿಗೆ ಮೂರು ತಿಂಗಳ ಹತ್ತಿರ ಬೇಕು. ಸಾಸಿವೆ ಒಣಗಿದ ದಿನ ಅದರ ಮೇಲಿದ್ದವೆಲ್ಲ ಪಕ್ಕದ ಕೋಸಿಗೆ ದಾಟುತ್ತವೆ.

ಹಲವು ಹಂಗಾಮುಗಳ ಪ್ರಯೋಗದ ಮೇಲೆ ಅವರು ಕೊಟ್ಟ ಉತ್ತರ ಹೀಗಿತ್ತು. ಪ್ರತಿ 25 ಸಾಲು ಕೋಸಿಗೆ ಒಂದು ಜೋಡಿ ಸಾಸಿವೆ ಸಾಲು. ಜೋಡಿಯಲ್ಲಿ ಒಂದನ್ನು ಕೋಸಿನ ಸಸಿ ನಾಟಿ ಮಾಡುವ 15 ದಿನ ಮೊದಲು ಬಿತ್ತಬೇಕು, ಇನ್ನೊಂದನ್ನು ನಾಟಿಯಾದ 25 ದಿನಗಳಿಗೆ. ಮೊದಲನೆಯದು ಮುದಿಯಾಗುವ ಹೊತ್ತಿಗೆ ಎರಡನೆಯದು ಎಳೆಯ ಎಲೆ ಹರಡಿ ನಿಂತಿರುತ್ತದೆ. ಹೊಲದ ಮೊದಲ ಮತ್ತು ಕೊನೆಯ ಸಾಲುಗಳೂ ಸಾಸಿವೆಯವೇ ಆಗಿರಬೇಕು. ಪತಂಗಗಳು ಬಹುಪಾಲು ಸಾಸಿವೆಯ ಮೇಲೆಯೇ ನೆಲೆಸಿದವು. ಜೊತೆಗೆ ಎಲೆ ಹೆಣೆಯುವ ಹುಳು, ಸಸ್ಯಹೇನುಗಳಂಥ ಬೇರೆ ಕಾಟಗಳೂ ಅಲ್ಲಿಗೇ ಹೋದವು. 1990ರಲ್ಲಿ ತೈವಾನಿನಲ್ಲಿ ಸೇರಿದ ಎರಡನೆಯ ಕಾರ್ಯಾಗಾರಕ್ಕೆ ಅವರು ಇದನ್ನು ಒಯ್ದರು. 1991ರಲ್ಲಿ ವಿವರವಾದ ಲೇಖನ ಪ್ರಕಟವಾಯಿತು.

ಈ ಪದ್ಧತಿ ಪೂರ್ತಿ ವಿಷಮುಕ್ತವಾಗಿತ್ತು ಎಂದರೆ ತಪ್ಪಾಗುತ್ತದೆ. ಸಾಸಿವೆಯ ಮೇಲೆ ಕೂಡಿದ ಹುಳುಗಳನ್ನು ಅಲ್ಲೇ ಮುಗಿಸಬೇಕಿತ್ತು. ಅದಕ್ಕೆ ಅಂದು ಹೇಳಿದ್ದು ಡೈಕ್ಲೋರ್‌ವಾಸ್ ಎಂಬ ರಾಸಾಯನಿಕ. ಅದನ್ನು ಭಾರತ ಸರ್ಕಾರ 2020ರ ಕೊನೆಯಿಂದ ನಿಷೇಧಿಸಿದೆ. ಆದರೆ ವಿಷ ಬೀಳುತ್ತಿದ್ದದ್ದು ತಿನ್ನುವ ಬೆಳೆಗಲ್ಲ. 27 ಸಾಲುಗಳಲ್ಲಿ ಎರಡಕ್ಕೆ ಮಾತ್ರ. ಉಳಿದ 25 ಸಾಲುಗಳಿಗೆ, ಗಡ್ಡೆ ಕಟ್ಟಲು ಶುರುವಾಗುವ ಹೊತ್ತಿಗೆ, ಬೇವಿನ ಬೀಜದ ಕಷಾಯ.

ಬೇವಿಗೂ ಒಂದು ಹಿನ್ನೆಲೆಯಿತ್ತು. 1962ರಲ್ಲಿ ದೆಹಲಿಗೆ ಮಿಡತೆಯ ದಂಡು ಬಂದಾಗ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಎಸ್. ಪ್ರಧಾನ್ ಮತ್ತು ಸಂಗಡಿಗರು ಬೆಳೆಗೆ ಬೇವಿನ ತಿರುಳು ಕಲಸಿದ ನೀರು ಸಿಂಪಡಿಸಿದ್ದರು. ಮಿಡತೆಗಳು ಎಲೆಯ ಮೇಲೆ ಕೂತವು, ತಿನ್ನಲಿಲ್ಲ. ಅದರ ಹಿಂದಿರುವ ಮುಖ್ಯ ಸಂಯುಕ್ತವಾದ ಅಜಾಡಿರಾಕ್ಟಿನ್ ಅನ್ನು ಇಂಗ್ಲೆಂಡಿನಲ್ಲಿ ಬೇರ್ಪಡಿಸಿದ್ದು 1968ರಲ್ಲಿ. ಅದು ಹುಳುವಿನ ಹಸಿವನ್ನು ಕೆಡಿಸುತ್ತದೆ, ಪೊರೆ ಕಳಚುವ ಕ್ರಮವನ್ನು ತಪ್ಪಿಸುತ್ತದೆ. ಕಷಾಯ ಮಾಡುವುದು ಸುಲಭ. ಹೆಸರಘಟ್ಟದವರು ಕೋಸಿಗೆ ಹೇಳಿದ ಶೇ. 4ರ ಪ್ರಮಾಣಕ್ಕೆ ನಾಲ್ಕು ಕಿಲೋ ತಿರುಳಿನ ಪುಡಿಯನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿ, ಬಟ್ಟೆಯಲ್ಲಿ ಸೋಸಿ, 100 ಲೀಟರಿಗೆ ನೀರು ಕೂಡಿಸಿ, ಎಲೆಗೆ ಅಂಟಲು ಸ್ವಲ್ಪ ಸಾಬೂನು ಬೆರೆಸಿ ಸಂಜೆ ಹೊತ್ತು ಸಿಂಪಡಿಸಬೇಕು. ಸಂಜೆಯೇ ಏಕೆಂದರೆ ಬಿಸಿಲಿಗೆ ಅದರ ಗುಣ ಬೇಗ ಕಳೆಯುತ್ತದೆ. ಮಾಡಿದ ದಿನವೇ ಮುಗಿಸಬೇಕು, ಕೂಡಿಡಲು ಬರುವುದಿಲ್ಲ.

ಸಿಂಪಡಣೆ ಇಳಿದ ಹೊಲಕ್ಕೆ ಕರೆಯದೆ ಬರುವ ನೆರವೂ ಒಂದಿದೆ. ನೀಲಗಿರಿಯ ತಂಪಿನಲ್ಲಿ ಡಯಾಡೆಗ್ಮ ಇರುವಂತೆ, ಬಯಲುಸೀಮೆಯ ಬಿಸಿಲಿಗೆ ಹೊಂದಿದ ಕೊಟೇಸಿಯ ಎಂಬ ಕಣಜ ದಕ್ಷಿಣದ ಕೋಸಿನ ಹೊಲಗಳಲ್ಲಿ ತಾನಾಗಿಯೇ ಇದೆ. ಅದನ್ನು ಯಾರೂ ತಂದು ಬಿಡಬೇಕಾಗಿಲ್ಲ, ಕೊಲ್ಲದಿದ್ದರೆ ಸಾಕು.

1994ರಲ್ಲಿ ಅದೇ ತಂಡ ಟೊಮೆಟೊಗೂ ಇಂಥದೇ ಉಪಾಯ ಪ್ರಕಟಿಸಿತು. ಪ್ರತಿ 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡುಹೂ. ಟೊಮೆಟೊ ಸಸಿಗೆ 25 ದಿನವಾಗಿದ್ದರೆ ಚೆಂಡುಹೂವಿನ ಸಸಿಗೆ 40 ದಿನ, ಎರಡೂ ಒಟ್ಟಿಗೆ ಹೂಬಿಡಲಿ ಎಂದು. ಕಾಯಿಕೊರಕದ ಪತಂಗ ಹಳದಿ ಹೂವಿಗೆ ಹೋಗಿ ಮೊಟ್ಟೆಯಿಡುತ್ತದೆ, ಕಾಯಿ ಉಳಿಯುತ್ತದೆ.

ಮಾರಲು ಬಾರದ ಮದ್ದು

ಇಷ್ಟೆಲ್ಲ ಆದ ಮೇಲೂ ಸಾಸಿವೆ ಸಾಲು ಏಕೆ ಊರೂರಿಗೆ ಹಬ್ಬಲಿಲ್ಲ?

ಪದ್ಧತಿಯಲ್ಲೇ ಕೆಲವು ತೊಡಕುಗಳಿದ್ದವು. ನೂರರಲ್ಲಿ ಏಳು ಸಾಲನ್ನು ಸಾಸಿವೆಗೆ ಬಿಡಬೇಕು. ಎರಡು ಎಕರೆಯವನಿಗೆ ಅದು ಸಣ್ಣ ಮಾತಲ್ಲ. ಆ ಸಾಸಿವೆಯನ್ನು ಮಾರುವಂತಿಲ್ಲ, ಹುಳುವಿಗೆ ಬಿಟ್ಟದ್ದು ಅದು. ಕೋಸಿನ ಸಸಿ ಯಾವಾಗ ಸಿಗುತ್ತದೆ, ಮಳೆ ಯಾವಾಗ ಬರುತ್ತದೆ ಎಂದು ಗೊತ್ತಿಲ್ಲದವನು 15 ದಿನ ಮೊದಲೇ ಸಾಸಿವೆ ಬಿತ್ತುವ ಲೆಕ್ಕ ಹಾಕುವುದು ಕಷ್ಟ. ಎಲ್ಲ ಕಡೆಯೂ ಅದು ಒಂದೇ ರೀತಿ ಕೆಲಸ ಮಾಡಲೂ ಇಲ್ಲ. 1999ರಲ್ಲಿ ಟೆಕ್ಸಾಸಿನಿಂದ ಪ್ರಕಟವಾದ ಪ್ರಯೋಗದಲ್ಲಿ ಪತಂಗಗಳು ಸಾಸಿವೆಯನ್ನು ವಿಶೇಷವಾಗಿ ಆರಿಸಿಕೊಳ್ಳಲಿಲ್ಲ. ಚೆಂಡುಹೂವಿನ ವಿಷಯ ಬೇರೆ. ಆ ಸಾಲಿನ ಹೂವಿಗೆ ದಸರಾ, ದೀಪಾವಳಿಯ ಸಂತೆಯಿದೆ. ಬಲೆಯೂ ನಾಲ್ಕು ಕಾಸು ತರುತ್ತದೆ.

ಆದರೆ ದೊಡ್ಡ ಕಾರಣ ಹೊಲದ ಹೊರಗಿತ್ತು. 2003ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ದೇಶದ ರೈತ ಕುಟುಂಬಗಳನ್ನು, ಹೊಸ ಬೇಸಾಯದ ವಿಷಯ ನಿಮಗೆ ಯಾರಿಂದ ತಿಳಿಯುತ್ತದೆ ಎಂದು ಕೇಳಿತು. ನೂರರಲ್ಲಿ ಸುಮಾರು 60 ಕುಟುಂಬಗಳಿಗೆ ಯಾರಿಂದಲೂ ಇಲ್ಲ. ಗೊಬ್ಬರ, ಬೀಜ, ಔಷಧಿ ಮಾರುವವರಿಂದ ಎಂದವರು ಸುಮಾರು 13. ಸರ್ಕಾರದ ಕೃಷಿ ವಿಸ್ತರಣಾ ಕಾರ್ಯಕರ್ತರಿಂದ ಎಂದವರು ಸುಮಾರು 6.

ಹುಳು ಬಿದ್ದ ಎಲೆಯನ್ನು ಕಿತ್ತುಕೊಂಡು ರೈತ ಹೋಗುವುದು ಔಷಧಿ ಅಂಗಡಿಗೆ. ಅಂಗಡಿಯವನು ಕೆಟ್ಟವನಾಗಬೇಕಿಲ್ಲ. ಅವನು ತನ್ನ ಬಳಿ ಇರುವುದನ್ನು ಕೊಡುತ್ತಾನೆ, ಸಾಲದ ಮೇಲೂ ಕೊಡುತ್ತಾನೆ, ಬೆಳೆ ಬಂದ ಮೇಲೆ ಲೆಕ್ಕ. ಸಾಸಿವೆ ಸಾಲನ್ನು ಅವನು ಮಾರಲಾರ. ಒಂದು ಹೊಸ ವಿಷಕ್ಕೆ ಅದರ ಜೊತೆಗೇ ಕಂಪನಿ, ಪ್ರತಿನಿಧಿ, ಗೋಡೆಬರಹ, ಹೊಲದಲ್ಲಿ ಪ್ರಾತ್ಯಕ್ಷಿಕೆ ಎಲ್ಲವೂ ಬರುತ್ತವೆ. ಎರಡು ಸಾಲು ಸಾಸಿವೆ ಬಿತ್ತುವ ತಿಳಿವಳಿಕೆ ಯಾರ ಸೊತ್ತೂ ಅಲ್ಲದ್ದರಿಂದ ಅದನ್ನು ಹೊತ್ತು ತಿರುಗುವವರಿಲ್ಲ. ಅದನ್ನು ಹೊರಬೇಕಾಗಿದ್ದವರು ಸರ್ಕಾರದ ವಿಸ್ತರಣೆಯವರು. ಅವರು ತಲುಪುತ್ತಿದ್ದದ್ದು ನೂರರಲ್ಲಿ ಆರು ಮನೆಗೆ.

ಅಷ್ಟರಲ್ಲಿ ಹೊಸ ಬಾಟಲಿಗಳೂ ಬಂದವು. ತೊಂಬತ್ತರ ದಶಕದ ಕೊನೆಗೆ ಸ್ಪೈನೊಸ್ಯಾಡ್, ಆಮೇಲೆ ಇಂಡಾಕ್ಸಕಾರ್ಬ್, ಅದಾದ ಹತ್ತು ವರ್ಷಕ್ಕೆ ಕ್ಲೋರಾಂಟ್ರನಿಲಿಪ್ರೋಲ್. ಹಳೆಯವಕ್ಕೆ ಹೋಲಿಸಿದರೆ ಇವು ಮನುಷ್ಯನಿಗೆ ಕಡಿಮೆ ಅಪಾಯಕಾರಿ, ಮತ್ತು ಮೊದಲಿಗೆ ನಿಜಕ್ಕೂ ಚೆನ್ನಾಗಿ ಕೆಲಸ ಮಾಡಿದವು. ಒಂದು ಸಿಂಪಡಣೆಗೆ ಹೊಲ ಶುಚಿಯಾಗುವುದನ್ನು ಕಂಡವನಿಗೆ ಸಾಸಿವೆಯ ಗೋಜು ಬೇಡವೆನಿಸಿದರೆ ತಪ್ಪು ಹುಡುಕುವುದು ಕಷ್ಟ. ಆದರೆ ಕ್ಲೋರಾಂಟ್ರನಿಲಿಪ್ರೋಲ್ ಬಳಕೆಗೆ ಬಂದ ನಾಲ್ಕೈದು ವರ್ಷಗಳಲ್ಲೇ ದಕ್ಷಿಣ ಚೀನಾದ ಹುಳುಗಳು ಅದಕ್ಕೆ ಒಗ್ಗಿಕೊಂಡ ವರದಿ ಬಂತು. ಈ ಒಂದು ಪತಂಗ ಇಂದು 90ಕ್ಕೂ ಹೆಚ್ಚು ಬಗೆಯ ಕೀಟನಾಶಕಗಳಿಗೆ ಬಗ್ಗದ ದಾಖಲೆ ಹೊಂದಿದೆ. ಇದರಿಂದ ಆಗುವ ನಷ್ಟ ಮತ್ತು ಇದರ ನಿಯಂತ್ರಣದ ಖರ್ಚು ಸೇರಿ ಜಗತ್ತಿಗೆ ವರ್ಷಕ್ಕೆ 400ರಿಂದ 500 ಕೋಟಿ ಡಾಲರ್ ಎಂದು 2012ರ ಒಂದು ಅಂದಾಜು ಹೇಳಿತು.

ಸಾಸಿವೆಯ ವಿಚಾರ ಮಾತ್ರ ಸಾಯಲಿಲ್ಲ. 2004ರಲ್ಲಿ ನ್ಯೂಯಾರ್ಕಿನ ವಿಜ್ಞಾನಿಗಳು ಸಾಸಿವೆಯ ಇನ್ನೊಬ್ಬ ನೆಂಟನಾದ ಯೆಲ್ಲೋ ರಾಕೆಟ್ ಎಂಬ ಕಳೆಗಿಡವನ್ನು ಪರೀಕ್ಷಿಸಿದರು. ಪತಂಗ ಅದಕ್ಕೆ ಮರುಳಾಗಿ ಮೊಟ್ಟೆಯಿಡುತ್ತದೆ, ಆದರೆ ಅದರ ಎಲೆ ತಿಂದ ಮರಿಹುಳುಗಳು ಬದುಕುವುದಿಲ್ಲ. ಹೆಸರಘಟ್ಟದ ಪದ್ಧತಿಯಲ್ಲಿ ಉಳಿದಿದ್ದ ಆ ಕೊನೆಯ ವಿಷವೂ ಇಲ್ಲಿ ಬೇಡ. ಗಿಡವೇ ಆ ಕೆಲಸ ಮಾಡುತ್ತದೆ. ಹೆಸರಘಟ್ಟದಲ್ಲೇ ಬೇವಿನ ಎಣ್ಣೆ, ಹೊಂಗೆ ಎಣ್ಣೆಯ ಸಾಬೂನುಗಳು ತಯಾರಾದವು. ನೀರಿಗೆ ಕರಗಿಸಿ ನೇರ ಕೋಸಿಗೆ ಸಿಂಪಡಿಸಬಹುದಾದವು. ಸಾಬೂನನ್ನು ಅಚ್ಚು ಹಾಕಿ ಕಾಗದ ಸುತ್ತಿ ಮಾರಬಹುದು. ಅದಕ್ಕೆ ಅಂಗಡಿಯ ಕಪಾಟಿನಲ್ಲಿ ಜಾಗ ಸಿಗುತ್ತದೆ. ಸಾಸಿವೆ ಸಾಲಿಗಿಲ್ಲದ ಅನುಕೂಲ ಇದು.

2015ರಲ್ಲಿ ವಜ್ರಬೆನ್ನಿನ ಪತಂಗದ ಏಳನೆಯ ಅಂತರರಾಷ್ಟ್ರೀಯ ಸಮ್ಮೇಳನ ಸೇರಿದ್ದು ಬೆಂಗಳೂರಿನಲ್ಲಿ. ಸಾಸಿವೆ ಸಾಲಿನ ಲೆಕ್ಕ ಹುಟ್ಟಿದ ಹೆಸರಘಟ್ಟ ಅದೇ ನಗರದ ಅಂಚಿನಲ್ಲಿದೆ. ಅಲ್ಲಿಂದ ಮಾಲೂರಿನ ಕೋಸಿನ ಹೊಲಗಳಿಗೆ ಇರುವ ದೂರ ಅರ್ಧ ದಿನದ ಪ್ರಯಾಣವೂ ಅಲ್ಲ. ಜಾವಾದಿಂದ ಹವಾಯಿಯವರೆಗಿನ ಸೋಲುಗಳ ಕಥೆ ಆ ಹೊಲಗಳನ್ನು ಬೇಗ ತಲುಪಿತು, ಒಂದೊಂದು ಹೊಸ ಬಾಟಲಿಯ ರೂಪದಲ್ಲಿ. ಹತ್ತಿರದಲ್ಲೇ ಸಿಕ್ಕಿದ್ದ ಉತ್ತರ ಮಾತ್ರ ದಾರಿಯಲ್ಲಿ ನಿಧಾನವಾಯಿತು.

ಬೆಳಗಿನ ಮಾರುಕಟ್ಟೆಯಲ್ಲಿ ತರಕಾರಿಯವರು ಕೋಸಿನ ಹೊರಗಿನ ಎಲೆಗಳನ್ನು ಸುಲಿದು ಬುಟ್ಟಿಯ ಪಕ್ಕಕ್ಕೆ ಹಾಕುತ್ತಾರೆ. ತೂತುಗಳೆಲ್ಲ ಆ ರಾಶಿಯಲ್ಲಿ ಉಳಿಯುತ್ತವೆ; ಗುಂಡಗಿನ ನುಣುಪು ಗಡ್ಡೆ ಮಾತ್ರ ಮನೆಗೆ ಬರುತ್ತದೆ. ಎಲ್ಲೋ ಒಂದು ಗಡ್ಡೆಯ ಮೇಲೆ ಆ ಗಾಜಿನಂಥ ಕಿಟಕಿ ಉಳಿದುಕೊಂಡಿದ್ದರೆ ಅದನ್ನು ಎತ್ತಿ ಬದಿಗಿಡುವ ಮೊದಲು ಒಂದು ಕ್ಷಣ ನೋಡಬಹುದು. ಆ ಹೊಲದಲ್ಲಿ ಸಿಂಪಡಣೆ ಕಡಿಮೆಯಿತ್ತೋ, ಅಥವಾ ಸಿಂಪಡಿಸಿದ್ದೇ ನಾಟದೆ ಹುಳು ಉಳಿಯಿತೋ ಎಂದು ತೂತು ಹೇಳುವುದಿಲ್ಲ. ಬೆಳೆದವನನ್ನು ಕೇಳಬೇಕು. ಸಂತೆಯಲ್ಲಿ, ಬಡಾವಣೆಯ ಸಾವಯವ ಮಳಿಗೆಯಲ್ಲಿ, ರೈತನೇ ಮಾರಲು ಕೂತ ಕಡೆಯಲ್ಲಿ ಆ ಪ್ರಶ್ನೆ ಕೇಳುವ ಅವಕಾಶ ಇಂದು ಹಲವು ಊರುಗಳಲ್ಲಿದೆ. ಯಾರೂ ಮಾರದ ತಿಳಿವಳಿಕೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವುದು ಹಾಗೆಯೇ: ಒಬ್ಬರು ಕೇಳಿ, ಇನ್ನೊಬ್ಬರು ಹೇಳಿ.